ಕಾರ್ಲಾ ಆಡಿದ ಮಾತು

೧೯೭೪, ಏಪ್ರಿಲ್ ೧೮, ಗುರುವಾರ

ನಾಳೆಯಿಂದ ಓಡಬೇಕಾದ ಚಿತ್ರ ಬಂತು. ಹೆಸರು ‘ಕೊನೆಯ ನಿಲ್ದಾಣ ಹೂದೋಟ’. ರೀಲಿನ ಡಬ್ಬಗಳನ್ನು ಆಪರೇಟರ್ ಲಿಂಡ್ನರ್ ರೈಲ್ವೆ ಸ್ಟೇಷನ್ನಿನಿಂದ ಕೈಗಾಡಿಯಲ್ಲಿ ತಂದರು. ಮಧ್ಯಾಹ್ನ ಖಾಲಿ ಹಾಲಿನಲ್ಲಿ ಒಮ್ಮೆ ಓಡಿಸಿದೆವು. ಜನರಿಗಿಂತ ಮೊದಲು ನೋಡುವುದು ಮ್ಯಾನೇಜರಳಾದ ನನ್ನ ಕೆಲಸ.

ಕಾರ್ಲಾ ಎಂಬ ಹೆಣ್ಣು ಟ್ರಾಮ್ ಓಡಿಸುತ್ತಾಳೆ. ಕಾರ್ಖಾನೆಯೊಂದರ ಯೋಜನಾ ವಿಭಾಗದ ಮುಖ್ಯಸ್ಥ ಆಲ್ಬ್ರೆಷ್ಟ್ ಅದರಲ್ಲಿ ನಿದ್ದೆಹೋಗಿ, ಊರಾಚೆ ಹೂದೋಟಗಳಿರುವ ಕೊನೆಯ ನಿಲ್ದಾಣದವರೆಗೂ ಬಂದುಬಿಡುತ್ತಾನೆ. ಅವನಿಗೆ ಹೆಂಡತಿ ಇದ್ದಾಳೆ, ಪಕ್ಷದಲ್ಲಿ ಸ್ಥಾನವಿದೆ. ಮನೆ ಬಿಟ್ಟು ಬರುತ್ತೇನೆ ಎನ್ನುತ್ತಾನೆ, ಬರುವುದಿಲ್ಲ. ಕಡೆಗೆ ಕಾರ್ಲಾ ಅವನನ್ನು ಬಿಟ್ಟು ಟ್ರಾಮ್ ಹತ್ತುತ್ತಾಳೆ. ಅವನು ಹಿಂದೆ ಓಡುತ್ತಾನೆ. ಸಿಕ್ಕಿತೋ ಇಲ್ಲವೋ ತೋರಿಸುವುದಿಲ್ಲ.

ಛಾಯಾಗ್ರಹಣ ಚೆನ್ನಾಗಿದೆ. ಕಾರ್ಲಾ ಬುದ್ಧಿಯಿಲ್ಲದ ಹೆಣ್ಣು. ಮದುವೆಯಾದವನ ಮಾತು ನಂಬುವುದು ಮೊದಲ ತಪ್ಪು, ಇದ್ದ ಕೆಲಸಕ್ಕೆ ಕುತ್ತು ತಂದುಕೊಳ್ಳುವುದು ಎರಡನೆಯದು.

ಲಿಂಡ್ನರ್ ಕ್ಯಾಬಿನ್ನಿನಿಂದ ಇಳಿದು ಬಂದು, “ಏನಂತೀರಿ ಯಜಮಾನ್ತಿಯವ್ರೇ?” ಎಂದರು. ಹನ್ನೊಂದು ವರ್ಷದಿಂದ ಹಾಗೇ ಕರೆಯುತ್ತಾರೆ. ಅದು ಗೌರವವೋ ಅಣಕವೋ ನಾನು ವಿಚಾರಿಸಿಲ್ಲ.

“ಜನ ಬರ್ತಾರಾ?” ಎಂದೆ.

“ಬರ್ತಾರೆ. ಮಂಚದ ಸೀನ್ ಇದೆ. ಆದ್ರೆ ಅರ್ಧ ಸಿನಿಮಾ ಮಂಜಲ್ಲೇ ಓಡಾಡ್ತಾರೆ, ಫೋಕಸ್ ಸರಿಯಿದ್ರೂ ಬಯ್ಯೋದು ನನ್ನನ್ನೇ.”

ಅವರ ಕೈಯಲ್ಲಿ ಈರುಳ್ಳಿ ಇಟ್ಟ ಬ್ರೆಡ್ಡು. ಕ್ಯಾಬಿನ್ನಿನಲ್ಲಿ ತಿನ್ನಬೇಡಿ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

ಏಪ್ರಿಲ್ ೨೧, ಭಾನುವಾರ

ಹೌಸ್‌ಫುಲ್. ಈ ‘ಶಾಂತಿ ಚಿತ್ರಮಂದಿರ’ದಲ್ಲಿ ಶಾಲೆಯವರನ್ನು ಸಾಲಾಗಿ ಕರೆತರದೆ ಹಾಲು ತುಂಬಿದ್ದು ನನಗೆ ನೆನಪಿಲ್ಲ.

ಒಂದು ಕಡೆ ಚಪ್ಪಾಳೆ ಬಿತ್ತು. ಸಾಸೇಜ್ ಅಂಗಡಿಯ ಮುಂದೆ ನಿಂತು ತಿನ್ನುತ್ತಾ ಆಲ್ಬ್ರೆಷ್ಟ್ ಹೇಳುತ್ತಾನೆ: “ಸ್ವಲ್ಪ ತಾಳ್ಮೆ ಇರಲಿ ಕಾರ್ಲಾ. ಮುಂದಿನ ವರ್ಷ ಎಲ್ಲ ಸರಿಹೋಗುತ್ತೆ.” ಅವಳು ಬಾಯೊರೆಸಿಕೊಂಡು, “ಎಲ್ಲರೂ ಮುಂದಿನ ವರ್ಷ ಅಂತಾರೆ. ನಾನು ಬದುಕಿರೋದು ಈ ವರ್ಷ” ಎನ್ನುತ್ತಾಳೆ. ಗುರುವಾರ ಕೇಳಿದಾಗ ಅದು ನನಗೆ ಸಾಧಾರಣ ಮಾತಾಗಿ ಕೇಳಿಸಿತ್ತು.

ಮೂರೂ ಆಟದಲ್ಲಿ ಅದೇ ಜಾಗದಲ್ಲಿ ಚಪ್ಪಾಳೆ.

ಏಪ್ರಿಲ್ ೨೭

ಮೇ ಕೊನೆಯವರೆಗೂ ಓಡಿಸಲು ಅನುಮತಿ ಸಿಕ್ಕಿತು. ಅಕ್ಕಪಕ್ಕದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ನೂಲಿನ ಗಿರಣಿಯ ಹೆಂಗಸರು ಪಾಳಿ ಮುಗಿಸಿ, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿರುವಂತೆಯೇ ನೇರ ಬರುತ್ತಾರೆ. ಅವರು ಎದ್ದು ಹೋದ ಮೇಲೆ ಕುರ್ಚಿಗಳ ಮೇಲೆ ಬಿಳಿಯ ಎಳೆಗಳು. ಇನ್ನೊಬ್ಬ ಗುಡಿಸುವವಳನ್ನು ಕೇಳಬೇಕು.

ಟಿಕೆಟ್ ಕೌಂಟರಿನ ಮಾರ್ಗಾ ಹೆಂಪೆಲ್ ಪ್ರತಿ ದಿನ ಕೊನೆಯ ರೀಲಿಗೆ ಕೌಂಟರ್ ಮುಚ್ಚಿ ಒಳಗೆ ಬಂದು ಅಳುತ್ತಾಳೆ. ಇವತ್ತು ನನ್ನ ಪಕ್ಕ ನಿಂತು, “ನೀವಾಗಿದ್ರೆ ಕಾಯ್ತಿದ್ರಾ ಮೇಡಂ, ಇಲ್ಲ ಟ್ರಾಮ್ ಹತ್ತಿಬಿಡ್ತಿದ್ರಾ?” ಎಂದಳು.

“ನನಗೆ ಟ್ರಾಮ್ ಓಡಿಸೋಕೆ ಬರಲ್ಲ” ಎಂದೆ.

“ನಿಮ್ಮನ್ನ ಏನ್ ಕೇಳಿದ್ರೂ ಹಿಂಗೇ” ಎಂದು ಮೂಗು ಒರೆಸಿಕೊಂಡಳು.

ನನ್ನ ವಿಷಯ ಅವಳಿಗೆ ಗೊತ್ತಿರುವುದೇ. ಗಂಡ ಹೆಲ್ಮುಟ್ ಪಶ್ಚಿಮಕ್ಕೆ ಹೊರಟುಹೋದಾಗ ಗಡಿಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಆಮೇಲೆ ನಾನು ಪಕ್ಷ ಸೇರಿದೆ, ಚಿತ್ರಮಂದಿರ ಕೊಟ್ಟರು. ಕಾಯುವ ಪ್ರಶ್ನೆ ಬರಲಿಲ್ಲ.

ಮೇ ೭, ಮಂಗಳವಾರ

ಜಿಲ್ಲಾ ಕಚೇರಿಯಿಂದ ಕಾಮ್ರೇಡ್ ರೀಡೆಲ್ ಬಂದಿದ್ದರು. ಚಿತ್ರಗಳನ್ನು ಊರೂರಿಗೆ ಹಂಚುವ ವಿಭಾಗದ ಅಧಿಕಾರಿ. ಹೊಟ್ಟೆಹುಣ್ಣಿನ ಮನುಷ್ಯ, ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿದರು. ಕೊನೆಯಲ್ಲಿ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನೋಡಿದೆ. ಆಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು.

“ಅಲ್ಲಿ ಯಾಕೆ ಚಪ್ಪಾಳೆ ಹೊಡೆದ್ರು?”

“ಜನಕ್ಕೆ ಆ ನಟಿ ಇಷ್ಟ.”

“ನಟಿ ಇಷ್ಟ ಆಗಿದ್ರೆ ಅವಳು ಬಂದ ಕೂಡಲೇ ಹೊಡೀಬೇಕಿತ್ತು. ಮಾತು ಮುಗಿದ ಮೇಲೆ ಹೊಡೆದ್ರು. ಮುಂದಿನ ವರ್ಷ, ಮುಂದಿನ ವರ್ಷ ಅಂತ ಈ ದೇಶದಲ್ಲಿ ಹೇಳೋರು ಯಾರು, ಹೇಳಿ ನೋಡೋಣ.”

ಅವರ ಮುಂದೆ ನೀರಿನ ಲೋಟ ಇಟ್ಟೆ.

“ಚಿತ್ರಕ್ಕೆ ಬರ್ಲಿನ್ನಲ್ಲೇ ಒಪ್ಪಿಗೆ ಸಿಕ್ಕಿದೆಯಲ್ಲ ಕಾಮ್ರೇಡ್” ಎಂದೆ.

“ಬರ್ಲಿನ್ನಲ್ಲಿ ನಾಲ್ಕು ಜನ ದೊಡ್ಡೋರು ಮೆತ್ತನೆ ಕುರ್ಚೀಲಿ ಕೂತು ನೋಡಿದ್ರು. ಅವರು ಯಾಕೆ ಚಪ್ಪಾಳೆ ಹೊಡೀತಾರೆ? ಹೊಡೆಯೋದು ಇಲ್ಲಿ. ಮೇಲಿನವರು ನಾಳೆ ಕೇಳೋದು ನನ್ನನ್ನ.” ಬಿಸ್ಕತ್ತು ಅದ್ದಿದರು. “ನಿಮ್ಮ ಯಂತ್ರ ಹಳೇದಲ್ವಾ? ಸೌಂಡು ಆಗಾಗ ಕೈ ಕೊಡುತ್ತೆ, ಅಲ್ವಾ?”

“ಇಲ್ಲ, ಚೆನ್ನಾಗಿದೆ.”

“ಕೈ ಕೊಡುತ್ತೆ, ಕಾಮ್ರೇಡ್ ಕ್ರೆಚ್ಮರ್. ಬೇರೆಲ್ಲೂ ಇಲ್ಲ, ಆ ಸಾಸೇಜ್ ಅಂಗಡಿ ಹತ್ರ ಮಾತ್ರ.”

ಆಗ ಅರ್ಥವಾಯಿತು. ಚಿತ್ರಕ್ಕೆ ಕತ್ತರಿ ಹಾಕಲು ಅವರಿಗೆ ಅಧಿಕಾರವಿಲ್ಲ. ಸೌಂಡು ಕೆಟ್ಟರೆ ಯಾರ ಅಧಿಕಾರವೂ ಬೇಕಿಲ್ಲ. ಆಗಲಿ ಎಂದೆ.

ಲಿಂಡ್ನರ್‌ಗೆ ಹೇಳಿದೆ. ರಾಜಕೀಯದ ಬಗ್ಗೆ ಅವರು ಏನೂ ಕೇಳಲಿಲ್ಲ. “ನನ್ನ ಸೌಂಡು ಕೆಟ್ಟಿದೆ ಅಂತ ಒಪ್ಕೊಂಡ್ರಾ?” ಎಂದು ಮಾತ್ರ ಕೇಳಿದರು.

“ಒಪ್ಕೊಂಡೆ.”

“ಸರಿ ಬಿಡಿ” ಎಂದು ಏಣಿ ಹತ್ತಿಹೋದರು.

ಮೇ ೮, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂಜೆಯ ಆಟ. ಹಾಲು ತುಂಬಿತ್ತು. ನಾನು ಎಂದಿನಂತೆ ಬಾಗಿಲ ಪಕ್ಕ ನಿಂತಿದ್ದೆ. ಆಲ್ಬ್ರೆಷ್ಟ್ ಮುಂದಿನ ವರ್ಷದ ಮಾತು ಮುಗಿಸಿದ. ಕಾರ್ಲಾ ಬಾಯೊರೆಸಿಕೊಂಡಳು. ಸೌಂಡು ಹೋಯಿತು. ಅವಳ ತುಟಿ ಆಡುತ್ತಿತ್ತು, ಮಾತಿಲ್ಲ. ಜನ ಕುರ್ಚಿಯಲ್ಲಿ ಅಲುಗಾಡಿದ್ದು ಕೇಳಿಸಿತು.

ಆಗ ಹಿಂದಿನಿಂದ, ಮೇಲಿನಿಂದ, ಒಂದು ಗಂಡು ದನಿ ಬಂತು. ಒರಟು ದನಿ, ಬೆಟ್ಟದ ಕಡೆಯವರ ರಾಗ. “ಎಲ್ಲರೂ ಮುಂದಿನ ವರ್ಷ ಅಂತಾರೆ. ನಾನು ಬದುಕಿರೋದು ಈ ವರ್ಷ.”

ಆಮೇಲೆ ನಗು, ಅದರ ಮೇಲೆ ಚಪ್ಪಾಳೆ. ಮುಂದಿನ ಸೀನಿನ ಸಂಭಾಷಣೆ ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನವರು ತಿರುತಿರುಗಿ ನೋಡಿದರು. ಕ್ಯಾಬಿನ್ನಿನ ಕಿಂಡಿ ಅವರ ತಲೆಯ ಮೇಲೇ ಇದೆ, ಆದರೆ ಬೆಳಕು ಕಣ್ಣಿಗೆ ಹೊಡೆಯುವುದರಿಂದ ಅತ್ತ ನೋಡಲಾಗುವುದಿಲ್ಲ.

ಹನ್ನೊಂದು ವರ್ಷ ಕೇಳಿದ ದನಿ. ನನಗೆ ಗೊತ್ತಾಗದೆ ಇರುತ್ತದೆಯೇ.

ಆಟ ಮುಗಿದ ಮೇಲೆ ಲಿಂಡ್ನರ್ ಕೆಳಗೆ ಬಂದರು, ಟೋಪಿ ಹಾಕಿಕೊಂಡರು, “ಬರ್ತೀನಿ” ಎಂದು ಹೋದರು. ನಾನು ದೀಪ ಆರಿಸಿ ಬೀಗ ಹಾಕಿದೆ.

ಮೇ ೯

ಇವತ್ತು ಇಡೀ ಹಾಲೇ ಆ ಮಾತು ಹೇಳಿತು. ಚರ್ಚಿನಲ್ಲಿ ಹೇಳುವ ಹಾಗೆ, ಎಲ್ಲರೂ ಒಟ್ಟಿಗೆ.

ನಿಲ್ಲಿಸಬೇಕಿತ್ತು. ಮಧ್ಯದಲ್ಲಿ ನಿಲ್ಲಿಸಿದರೆ ಟಿಕೆಟ್ ವಾಪಸು ತಗೊಳ್ಳಿ ಎಂದು ಗಲಾಟೆ ಮಾಡುತ್ತಾರೆ. ಅದಕ್ಕೇ ನಿಲ್ಲಿಸಲಿಲ್ಲ.

ಮೇ ೧೨, ಭಾನುವಾರ

ಬೆಳಗಿನ ಹೊತ್ತು ಲಿಂಡ್ನರ್ ತೋಟಕ್ಕೆ ಹೋಗಿದ್ದೆ. ಹೀಗೇ ಆದರೆ ವಿಚಾರಣೆ ಬರುತ್ತದೆ ಎಂದು ಎಚ್ಚರಿಸುವುದು ಮ್ಯಾನೇಜರಳಾಗಿ ನನ್ನ ಕರ್ತವ್ಯ. ಚಿತ್ರಮಂದಿರದಲ್ಲಿ ಮಾತಾಡುವಂತಿಲ್ಲ, ಹೆಂಪೆಲ್‌ಗೆ ಎರಡು ಕಿವಿ ಸಾಲದು.

ರೈಲು ಹಳಿಯ ಪಕ್ಕ ಊರಿನವರಿಗೆ ಹಂಚಿಕೊಟ್ಟ ತೋಟಗಳಿವೆಯಲ್ಲ, ಅಲ್ಲೇ ಕೊನೆಯದು ಅವರದು. ನಾನು ಇಷ್ಟು ವರ್ಷದಲ್ಲಿ ಹೋದವಳಲ್ಲ. ಮರದ ಗುಡಿಸಲು, ಅದಕ್ಕೆ ಹಸಿರು ಬಣ್ಣ, ಬೇಲಿಯುದ್ದಕ್ಕೂ ನೆಲ್ಲಿಯಂಥ ಹುಳಿ ಕಾಯಿಯ ಪೊದೆ, ಹಿಂದೆ ಮೊಲದ ಗೂಡುಗಳು. ಒಂದೊಂದು ಮೊಲಕ್ಕೂ ಮಂತ್ರಿಗಳ ಹೆಸರಿಟ್ಟಿದ್ದಾರೆ ಎಂದು ಹೆಂಪೆಲ್ ಹೇಳಿದ್ದಳು. ಕೇಳಿದೆ. “ಇಲ್ಲಪ್ಪ, ಆಮೇಲೆ ಕೊಯ್ಯೋವಾಗ ಕಷ್ಟ ಆಗುತ್ತೆ” ಎಂದರು.

ಕುರ್ಚಿ ಒರೆಸಿ ಕೊಟ್ಟರು. ನಾನು ವಿಷಯಕ್ಕೆ ಬಂದೆ.

“ಯಾಕೆ ಹೇಳಿದ್ರಿ ಆ ಮಾತು?”

“ನಾನೇನೂ ರಾಜಕೀಯ ಮಾಡ್ಲಿಲ್ಲ. ನೀವು ಹೇಳಿದ ಹಾಗೆ ಸೌಂಡು ಇಳಿಸಿದೆ. ಕಿಂಡೀಲಿ ನೋಡ್ತೀನಿ, ಆ ಹುಡುಗಿ ಬಾಯಿ ಆಡಿಸ್ತಾ ಇದಾಳೆ, ಮಾತಿಲ್ಲ. ಅಷ್ಟು ಜನದ ಮುಂದೆ ಮೂಕಿ ಥರ ನಿಂತಿದಾಳೆ. ಯಾರಾದ್ರೂ ಹೇಳ್ಬೇಕಿತ್ತಲ್ಲ.”

“ನಿಮ್ಮನ್ನ ಕೆಲಸದಿಂದ ತೆಗೀತಾರೆ.”

“ತೆಗೀಲಿ. ಮೊಲ ಸಾಕ್ತೀನಿ.”

“ಮೊಲ ಸಾಕಿ ಬದುಕೋಕಾಗಲ್ಲ.”

“ಮೊಲಗಳು ಬದುಕ್ತಾ ಇವೆಯಲ್ಲ.”

ನನಗೆ ನಗು ಬಂತು. ಅವರು ನಗಲಿಲ್ಲ. ಮೊಲಗಳಿಗೆ ಹುಲ್ಲು ಹಾಕುತ್ತಾ, ಸರ್ಕಾರದ ವಿರುದ್ಧ ನಡೆದ ಐವತ್ತಮೂರರ ಮುಷ್ಕರದಲ್ಲಿ ಕಾರ್ಖಾನೆಯ ಗೇಟಿನ ಮೇಲೆ ಹತ್ತಿ ನಿಂತಿದ್ದಕ್ಕೆ ತಾವು ಜೈಲಿಗೆ ಹೋಗಿದ್ದನ್ನು ಹೇಳಿದರು. ಅವರು ಒಳಗಿದ್ದಾಗಲೇ ಹೆಂಡತಿ ತೀರಿಕೊಂಡರಂತೆ. ಮಣ್ಣಿಗೆ ಹೋಗಲೂ ಬಿಡಲಿಲ್ಲವಂತೆ. ಈ ಎರಡನ್ನೂ ಅವರು ಈರುಳ್ಳಿ ಬೆಲೆ ಹೇಳುವ ಹಾಗೆ ಹೇಳಿದರು.

“ಎರಡನೇ ಸಲ ಅಂದ್ರೆ ಬೇಗ ಬಿಡಲ್ಲ” ಎಂದರು. “ಇವಕ್ಕೆ ಹುಲ್ಲು ಹಾಕೋರು ಯಾರು ಅನ್ನೋದೊಂದೇ ಯೋಚನೆ.”

ಹೊರಡುವಾಗ ಒಂದು ಕಟ್ಟು ರೂಬಾರ್ಬ್ ಎಂಬ ಹುಳಿ ದಂಟು ಕೊಟ್ಟರು. ಮನೆಗೆ ಬಂದು ಕೇಕು ಮಾಡಿದೆ. ಕೇಕು ಮಾಡಿ ಬಹಳ ವರ್ಷವಾಗಿತ್ತು, ತಳ ಸ್ವಲ್ಪ ಹತ್ತಿತು. ಅವರಿಗೂ ಒಂದು ತುಂಡು ತೆಗೆದಿಟ್ಟೆ, ದಂಟು ಅವರದಾದ್ದರಿಂದ.

ಇವತ್ತಿನದು ಉದ್ದವಾಯಿತು. ಬರೆಯುವಂಥದ್ದು ಏನೂ ನಡೆದಿರಲಿಲ್ಲ.

ಮೇ ೧೬

ಜನ ಇನ್ನೂ ಬರುತ್ತಿದ್ದಾರೆ. ಕೆಲವರು ಆ ಜಾಗದವರೆಗೆ ಇದ್ದು ಎದ್ದು ಹೋಗುತ್ತಾರೆ. ಜಿಲ್ಲಾ ಕಚೇರಿಗೆ ಬರಬೇಕೆಂದು ಫೋನ್.

ಮೇ ೨೧, ಮಂಗಳವಾರ

ಕಾಮ್ರೇಡ್ ರೀಡೆಲ್ ಇದ್ದರು. ಇನ್ನೊಬ್ಬರೂ ಇದ್ದರು, ಬೂದು ಕೋಟು, ಹೆಸರು ಹೇಳಲಿಲ್ಲ. ಕೇಳಿದ್ದೆಲ್ಲ ಅವರೇ.

“ನಿಮ್ಮ ಗಂಡ ಐವತ್ತೆಂಟರಲ್ಲಿ ಆ ಕಡೆ ಹೋದ್ರು.”

“ಹೋದರು.”

“ನೀವು ಹೋಗ್ಲಿಲ್ಲ. ಯಾಕೆ?”

“ನನ್ನನ್ನ ಕರೀಲಿಲ್ಲ.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಿದ್ಧಾಂತಕ್ಕಾಗಿ ಉಳಿದವಳು ಎಂದೇ ಎಲ್ಲ ಕಡೆ ದಾಖಲಾಗಿದೆ. ಬೂದು ಕೋಟಿನವರು ತಲೆ ಎತ್ತಿ ನೋಡಿದರು, ಮತ್ತೆ ಬಗ್ಗಿಸಿದರು.

“ಎಂಟನೇ ತಾರೀಕು ಸಂಜೆ ಆ ಮಾತನ್ನ ಮೊದಲು ಹೇಳಿದ್ದು ಯಾರು? ನೀವು ಹಾಲಿನಲ್ಲೇ ಇದ್ರಿ.”

ಗೊತ್ತಿಲ್ಲ ಎನ್ನಲು ಹೋಗಿದ್ದೆ. ಬೆಳಗಿನಿಂದ ಅದನ್ನೇ ಅಂದುಕೊಂಡು ಬಂದದ್ದು. ಗೊತ್ತಿಲ್ಲ ಎಂದರೆ ಮುಂದಿನ ಸರದಿ ಲಿಂಡ್ನರ್‌ದು. ಕೇಳಿದರೆ ಅವರು ಹೌದು ಎಂದುಬಿಡುತ್ತಾರೆ. ಅಂಥ ಮನುಷ್ಯ.

“ನಾನು” ಎಂದೆ.

ರೀಡೆಲ್ ಕೈಯಲ್ಲಿದ್ದ ಬಿಸ್ಕತ್ತು ನೀರಿನಲ್ಲಿ ಮುರಿದು ಬಿತ್ತು.

“ಗಂಡಸಿನ ದನಿ ಅಂತ ಎಲ್ಲರೂ ಹೇಳಿದಾರೆ” ಎಂದರು ಬೂದು ಕೋಟಿನವರು.

“ನನಗೆ ಶೀತ ಆಗಿತ್ತು.”

ಅವರು ನನ್ನನ್ನೇ ನೋಡಿದರು. ಸುಳ್ಳೆಂದು ಅವರಿಗೆ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಆದರೆ ಗಂಡ ಓಡಿಹೋದ ಹೆಂಗಸು ಮಾಡಿದಳು ಎಂದರೆ ಕಡತ ಇವತ್ತೇ ಮುಚ್ಚುತ್ತದೆ, ಇಲ್ಲದಿದ್ದರೆ ಹಾಲಿನಲ್ಲಿದ್ದವರನ್ನೆಲ್ಲ ಕರೆಸಬೇಕು. ಬರೆದುಕೊಂಡರು. ಸಹಿ ಮಾಡಿದೆ.

ಯಾಕೆ ಹಾಗೆ ಹೇಳಿದೆ ಎಂದು ಬಸ್ಸಿನಲ್ಲಿ ಯೋಚಿಸಿದೆ. ಕಿಟಕಿ ತೆಗೆಯಲು ಬರುತ್ತಿರಲಿಲ್ಲ, ಸೆಖೆ ಇತ್ತು.

ಮೇ ೩೧, ಶುಕ್ರವಾರ

ಚಿತ್ರ ನಮ್ಮ ಊರಿನಿಂದ ಹೋಯಿತು. ಬೇರೆ ಊರುಗಳಲ್ಲಿ ಓಡುತ್ತಿದೆ, ಸೌಂಡಿನ ಸಮೇತ.

ಕೀಲಿಕೈಗಳನ್ನು ಹೊಸ ಮ್ಯಾನೇಜರಿಗೆ ಒಪ್ಪಿಸಿದೆ. ಪಕ್ಷದ ಸಭೆಯಲ್ಲಿ ಛೀಮಾರಿ ಹಾಕಿದರು, ಹೊರಗೆ ಹಾಕಲಿಲ್ಲ. ಮುಂದಿನ ತಿಂಗಳಿಂದ ನೂಲಿನ ಗಿರಣಿಯ ಕ್ಯಾಂಟೀನು. ಹೆಂಪೆಲ್ ಕೊನೆಯ ರೀಲಿಗೆ ಅಳುವ ಹಾಗೆಯೇ ಅತ್ತಳು. ಲಿಂಡ್ನರ್ ಕ್ಯಾಬಿನ್ನಿನಿಂದ ಇಳಿಯಲಿಲ್ಲ.

ಜೂನ್ ೯, ಭಾನುವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಲಿಂಡ್ನರ್. ಕಪ್ಪು ಸೂಟು, ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ಮೊಲ, ಸುಲಿದದ್ದು. ಒಳಗೆ ಬಂದು ಕೂರಲಿಲ್ಲ.

“ನಿಮ್ಮನ್ನ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ.”

“ಹೆಂಪೆಲ್ ನಿನ್ನೆ ಬಾಯಿ ಬಿಟ್ಟಳು, ಪಕ್ಷದ ಸಭೇಲಿ ನಿಮಗೆ ಛೀಮಾರಿ ಯಾಕೆ ಬಿತ್ತು ಅಂತ. ಎರಡು ವಾರ ನಾನು ಏನಂದ್ಕೊಂಡಿದ್ದೆ ಗೊತ್ತಾ? ಯಜಮಾನ್ತಿ ನನ್ನ ಹೆಸರು ಹೇಳಿದಾರೆ, ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ. ಮೊಲಗಳನ್ನೆಲ್ಲ ಪಕ್ಕದ ತೋಟದವನಿಗೆ ಕೊಟ್ಟುಬಿಟ್ಟೆ. ಈಗ ಅವನು ವಾಪಸು ಕೊಡಲ್ಲ ಅಂತಾನೆ.”

“ಇದು?”

“ಜಗಳ ಆಡಿ ಒಂದು ತಂದೆ.”

ಕೈಯಿಂದ ಮೊಲ ತೆಗೆದುಕೊಂಡೆ.

“ನಾಳೆ ಹೋಗಿ ನಿಜ ಹೇಳಿಬಿಡ್ತೀನಿ” ಎಂದರು.

“ಹೇಳಿದ್ರೆ ಇಬ್ಬರೂ ಒಳಗೆ. ನಾನು ಸುಳ್ಳು ಹೇಳಿದ್ದಕ್ಕೆ, ನೀವು ನಿಜ ಹೇಳಿದ್ದಕ್ಕೆ.”

ಆಗ ಕೂತರು. ಮೇಜಿನ ಬಟ್ಟೆಯ ಅಂಚನ್ನು ನೇರ ಮಾಡಿದರು. “ನನಗಾಗಿ ಯಾರೂ ಹಿಂಗೆ ಮಾಡಿಲ್ಲ” ಎಂದರು, ಬೈಗುಳದ ದನಿಯಲ್ಲೇ. ನಾನು ಅಡುಗೆಮನೆಗೆ ಹೋದೆ. ಮೊಲ ಬೇಯಿಸಿ ಆಲೂಗಡ್ಡೆ ಕಡುಬು ಮಾಡಿದೆ. ಇಬ್ಬರೂ ಉಂಡೆವು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅವರು ಎರಡನೇ ಸಲ ಹಾಕಿಸಿಕೊಂಡರು.

ಆಗಸ್ಟ್ ೧೪

ಕ್ಯಾಂಟೀನಿನ ಕೆಲಸ ಒಗ್ಗಿದೆ. ಬೆಳಿಗ್ಗೆ ಆಲೂಗಡ್ಡೆ, ಮಧ್ಯಾಹ್ನ ಸೌಟು, ಆಮೇಲೆ ಹಬೆಯಲ್ಲಿ ಪಾತ್ರೆ. ಕೈ ಬೆಂದಿದೆ. ಯಾವ ಮಾತು ಸರಿ, ಯಾವುದು ತಪ್ಪು ಎಂದು ನೋಡಬೇಕಾಗಿಲ್ಲ, ಬೆಂದಿದೆಯೋ ಇಲ್ಲವೋ ನೋಡಿದರೆ ಸಾಕು.

ಮೊದಲ ದಿನ ಗಿರಣಿಯ ಹೆಂಗಸರು ಸಾಲಿನಲ್ಲಿ ಬಂದು ನನ್ನನ್ನು ಗುರುತಿಸಿ ಸುಮ್ಮನಾದರು. ಈಗ ಸುಮ್ಮನಿರುವುದಿಲ್ಲ. “ಅಕ್ಕಾ, ಇವತ್ತೇನ್ ಪಿಚ್ಚರ್?” ಎನ್ನುತ್ತಾರೆ. ಬಟಾಣಿ ಸೂಪು ಎನ್ನುತ್ತೇನೆ. “ನಿನ್ನೇನೂ ಅದೇ ಓಡಿತ್ತು, ತೆಗೀರಿ ಅದನ್ನ” ಎನ್ನುತ್ತಾರೆ. ಹದಿನಾರು ವರ್ಷ ಅವರ ಟಿಕೆಟ್ ಹರಿದಿದ್ದೇನೆ. ಅವರಲ್ಲಿ ಯಾರೊಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.

ಅಕ್ಟೋಬರ್ ೨೦, ಭಾನುವಾರ

ಪ್ರತಿ ಭಾನುವಾರ ಬರುವ ಲಿಂಡ್ನರ್ ಇವತ್ತು ಬರಲಿಲ್ಲ. ಕಾಫಿ ಮಾಡಿದ್ದೆ, ಚೆಲ್ಲಿದೆ. ಪಶ್ಚಿಮದ ಕಾಫಿಪುಡಿ, ಹೆಂಪೆಲ್‌ಗೆ ಅವಳ ತಂಗಿ ಕಳಿಸಿದ್ದು. ವ್ಯರ್ಥವಾಯಿತು.

ಅಕ್ಟೋಬರ್ ೨೧

ಕ್ಯಾಂಟೀನಿನಲ್ಲಿ ಎರಡು ತಟ್ಟೆ ಒಡೆದೆ.

ಅಕ್ಟೋಬರ್ ೨೨

ಗೊಟ್‌ಹಾರ್ಟ್ ಲಿಂಡ್ನರ್ ಬಂದಿದ್ದರು. ಭಾನುವಾರ, ಹೊಸದಾಗಿ ತಂದ ಮೊಲಗಳಲ್ಲಿ ಒಂದಕ್ಕೆ ಹೊಟ್ಟೆ ಉಬ್ಬರವಾಗಿ ಕೂತಲ್ಲೇ ಕೂತಿದ್ದರಂತೆ. ಹೇಳಿಕಳಿಸಬಾರದಿತ್ತೇ ಎಂದೆ. “ಯಾರ ಕೈಲಿ? ಮೊಲದ ಕೈಲಾ?” ಎಂದರು. ಮೊಲ ಬದುಕಿದೆ. ಒಳ್ಳೆಯದಾಯಿತು.

೧೯೭೫, ಜನವರಿ ೨೨, ಬುಧವಾರ

ಹೆಂಪೆಲ್ ಊಟದ ಹೊತ್ತಿಗೆ ಕ್ಯಾಂಟೀನಿಗೇ ಓಡಿಬಂದಳು. ಆಲ್ಬ್ರೆಷ್ಟ್ ಆಗಿದ್ದ ನಟ ಪಶ್ಚಿಮದಲ್ಲಿ ಯಾವುದೋ ನಾಟಕಕ್ಕೆಂದು ಹೋದವನು ವಾಪಸು ಬರಲಿಲ್ಲವಂತೆ. ಅಲ್ಲಿಯ ರೇಡಿಯೋದಲ್ಲಿ ಮಾತಾಡಿದನಂತೆ. ಚಿತ್ರವನ್ನು ಇನ್ನು ಎಲ್ಲಿಯೂ ತೋರಿಸುವಂತಿಲ್ಲ. ಪೋಸ್ಟರುಗಳನ್ನು ಕಿತ್ತಿದ್ದಾರೆ. ಇಡೀ ದೇಶ ಹಾಡಿದ ಆ ಚಿತ್ರದ ಹಾಡನ್ನೂ ರೇಡಿಯೋದಿಂದ ತೆಗೆದಿದ್ದಾರೆ.

“ಅವಳ ಗತಿ ಏನು ಮೇಡಂ?” ಎಂದಳು ಹೆಂಪೆಲ್.

ಕಾರ್ಲಾ ಆಗಿದ್ದ ನಟಿ ಇಲ್ಲೇ ಇದ್ದಾಳೆ. ಅವನು ಅವಳನ್ನು ಕರೆದನೋ ಇಲ್ಲವೋ ಪತ್ರಿಕೆಯಲ್ಲಿಲ್ಲ. ಪತ್ರಿಕೆಯಲ್ಲಿ ಏನೂ ಇಲ್ಲ, ಹಾಲಿನ ಉತ್ಪಾದನೆ ಏರಿದೆ ಎಂದಿದೆ.

ಅಂಥವನನ್ನು ಬಿಟ್ಟು ಟ್ರಾಮ್ ಹತ್ತಿದ ಕಾರ್ಲಾ ಬುದ್ಧಿವಂತೆ. ಮೊದಲಿನಿಂದಲೂ ನಾನು ಅದನ್ನೇ ಹೇಳುತ್ತಿದ್ದೆ.

ಫೆಬ್ರುವರಿ ೧೨

ಕಾಮ್ರೇಡ್ ರೀಡೆಲ್ ಬಂದಿದ್ದರು. ಕ್ಯಾಂಟೀನಿನ ಸಾಲಿನಲ್ಲಿ ಟ್ರೇ ಹಿಡಿದು ನಿಂತಿದ್ದರು. ಇಳಿದುಹೋಗಿದ್ದಾರೆ. ಈಗ ಅವರೂ ಸಿನಿಮಾ ವಿಭಾಗದಲ್ಲಿಲ್ಲ. ನಮ್ಮ ಊರಾದ ಮುಲ್ಡೆನ್‌ಬ್ರುಕ್‌ನಲ್ಲಿ ಆದ ಗದ್ದಲಕ್ಕೆ ಯಾರಾದರೂ ಹೊಣೆಯಾಗಬೇಕಿತ್ತು, ಸೌಂಡು ಇಳಿಸಿ ಎಂದದ್ದು ಅವರೇ ಎಂದು ಹೇಗೋ ಮೇಲಕ್ಕೆ ಗೊತ್ತಾಗಿದೆ. ಈಗ ಗಿರಣಿಗಳ ಗ್ರಂಥಾಲಯ ನೋಡಿಕೊಳ್ಳುತ್ತಾರೆ.

“ನಾನು ಹೇಳ್ಲಿಲ್ಲ” ಎಂದೆ.

“ಗೊತ್ತು. ನೀವು ಹೇಳೋರಲ್ಲ.” ಸೂಪು ತೆಗೆದುಕೊಂಡು ಅಲ್ಲೇ ನಿಂತರು. ಹಿಂದಿನವರು ಗೊಣಗಿದರು. “ಒಂದು ಕೇಳ್ಲಾ? ಆ ದಿನ ನಾನು ಸುಮ್ಮನೆ ಚಪ್ಪಾಳೆ ಹೊ­ಡೆಯೋಕೆ ಬಿಟ್ಟಿದ್ರೆ ಎರಡು ವಾರದಲ್ಲಿ ಎಲ್ಲರೂ ಮರೀತಿದ್ರು, ಅಲ್ವಾ?”

“ಮರೀತಿದ್ರು.”

“ಹೆಂಡ್ತೀನೂ ಅದನ್ನೇ ಅಂತಾಳೆ.” ಟ್ರೇ ಸರಿಮಾಡಿಕೊಂಡು, “ಒಳ್ಳೆ ಚಿತ್ರ ಅದು” ಎಂದರು, ಸತ್ತವರ ಬಗ್ಗೆ ಹೇಳುವ ಹಾಗೆ.

ಅವರ ಹೊಟ್ಟೆಗೆ ಬಟಾಣಿ ಆಗುವುದಿಲ್ಲವೆಂದು ನೆನಪಾಗಿ, ಒಳಗಿನಿಂದ ಗಂಜಿ ತಂದುಕೊಟ್ಟೆ.

ಮಾರ್ಚ್ ೧೬, ಭಾನುವಾರ

ಗೊಟ್‌ಹಾರ್ಟ್ ಜೊತೆ ರೈಲಿನಲ್ಲಿ ಪಕ್ಕದ ಊರಿಗೆ ಹೋಗಿದ್ದೆ, ಸಿನಿಮಾ ನೋಡಲು. ನಮ್ಮ ಊರಿನಲ್ಲಿ ನೋಡುವಂತಿಲ್ಲ, ಅಲ್ಲಿ ಅವನು ಕೆಲಸದಲ್ಲಿರುತ್ತಾನೆ. ಇಷ್ಟು ವರ್ಷ ಸಿನಿಮಾದಲ್ಲೇ ಇದ್ದೂ ನಾವಿಬ್ಬರೂ ಟಿಕೆಟ್ ಕೊಂಡು ಕೂತು ನೋಡಿದವರಲ್ಲ. ನಾನು ಬಾಗಿಲ ಪಕ್ಕ ನಿಂತು, ಅವನು ಕಿಂಡಿಯಲ್ಲಿ.

ಮ್ಯಾಟಿನಿಗೆ ಇದ್ದದ್ದು ಝೆಕ್ ದೇಶದ ಒಂದು ರಾಜಕುಮಾರಿಯ ಕಥೆ. ಹಾಲಿನ ತುಂಬ ಮಕ್ಕಳು. ದೊಡ್ಡವರೆಂದರೆ ಮಕ್ಕಳನ್ನು ಕರೆತಂದವರು ಮತ್ತು ನಾವು. ಮುಂದಿನ ಸಾಲಿನ ಒಂದು ಮಗು ತಿರುಗಿ ನಮ್ಮನ್ನು ನೋಡಿ, “ನಿಮ್ಮ ಮಕ್ಕಳೆಲ್ಲಿ?” ಎಂದಿತು. “ಮನೇಲಿ ಹುಲ್ಲು ತಿಂತಾ ಇವೆ” ಎಂದ ಗೊಟ್‌ಹಾರ್ಟ್. ಮಗು ತಾಯಿಯ ಕಡೆ ಸರಿದು ಕೂತಿತು.

ಚಿತ್ರ ಸಾಧಾರಣ. ಫೋಕಸ್ ಸರಿಯಿರಲಿಲ್ಲ, ರಾಜಕುಮಾರಿಯ ಮೂಗು ಎಲ್ಲಿ ಮುಗಿಯುತ್ತದೆಂದೇ ಗೊತ್ತಾಗುತ್ತಿರಲಿಲ್ಲ. ಇವನು ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಹಿಂದಕ್ಕೆ ತಿರುಗುತ್ತಿದ್ದ.

“ಮೇಲೆ ಹೋಗಿ ಒಂದು ಮಾತು ಹೇಳಿ ಬರ್ತೀನಿ.”

“ಕೂತ್ಕೊಳ್ಳಿ.”

“ಆಪರೇಟರ್ ನಿದ್ದೆ ಮಾಡ್ತಾ ಇದಾನೆ ರೋಸ್ವಿತಾ, ಅಷ್ಟೂ ಕಾಣಲ್ವಾ ನಿನಗೆ?”

ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ನೀನು ಎಂದದ್ದೂ. ತಿದ್ದಲು ಹೋಗಲಿಲ್ಲ, ಸುತ್ತ ಮಕ್ಕಳಿದ್ದವು. ಅವನು ಏಳದಿರಲೆಂದು ತೋಳು ಹಿಡಿದೆ. ಆಮೇಲೆ ಅವನು ಏಳುವ ಯೋಚನೆ ಬಿಟ್ಟ. ನನ್ನ ಕೈ ಅಲ್ಲೇ ಇತ್ತು.

ರಾಜಕುಮಾರಿಗೆ ಮದುವೆಯಾಯಿತು. ಪರದೆ ಬಿಳಿಯಾಯಿತು. ದೀಪ ಹತ್ತಲಿಲ್ಲ. ಆ ಊರಿನ ಮ್ಯಾನೇಜರ್ ಎಲ್ಲೋ ಹರಟುತ್ತಾ ಕೂತಿರಬೇಕು. ಮಕ್ಕಳು ಕತ್ತಲಲ್ಲಿ ಕೂಗಾಡಿದವು, ಯಾರದೋ ಟೋಪಿ ಹಾರಿತು, ತಾಯಂದಿರು ಗದರಿದರು. ಇಂಥ ಬೇಜವಾಬ್ದಾರಿಯನ್ನು ನಾನು ನನ್ನ ಹಾಲಿನಲ್ಲಿ ಒಂದು ದಿನವೂ ಸಹಿಸಿದವಳಲ್ಲ.

ಬಹಳ ಹೊತ್ತಾದ ಮೇಲೆ ದೀಪ ಹತ್ತಿತು. ನನಗೆ ಬೇಗ ಹತ್ತಿತು ಎನ್ನಿಸಿತು.